ಕಷ್ಟ ತಾನಾಗೇ ಏನನ್ನೂ ಕಲಿಸುವುದಿಲ್ಲ

(ಇದು ಒಂದು ಉಪನ್ಯಾಸದ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೊಂದವರಿಗೇ ನೋವು ಗೊತ್ತು ಅಂತ ನಾವೆಲ್ಲ ಹೇಳುತ್ತೇವೆ. ಕೇಳುವುದಕ್ಕೆ ಸಮಾಧಾನ ಕೊಡುವ ಮಾತು. ನಾವು ಪಟ್ಟ ಪಾಡು ವ್ಯರ್ಥವಾಗಲಿಲ್ಲ, ಅದರಿಂದ ನಾವು ಇನ್ನೊಬ್ಬರನ್ನು ಅರ್ಥ ಮಾಡಿಕೊಳ್ಳುವವರಾದೆವು ಅಂತ ಅನ್ನಿಸುತ್ತದೆ. ಆದರೆ ಸ್ವಲ್ಪ ನಿಂತು ಯೋಚಿಸಿ. ಕಷ್ಟಪಟ್ಟವರೆಲ್ಲ ಮೆತ್ತಗಾಗುವುದೇ ಆದರೆ ಕಲ್ಲುಮನಸ್ಸಿನವರು ಅಂತ ಯಾರೂ ಇರಬಾರದಿತ್ತು, ಯಾಕೆಂದರೆ ಕಷ್ಟವನ್ನೇ ಕಾಣದವರು ಯಾರಿದ್ದಾರೆ? ತಾವು ಅನುಭವಿಸಿದ್ದನ್ನೇ ಸೊಸೆಗೆ ಅನುಭವಿಸಲು ಬಿಡುವ ಅತ್ತೆ ಇದ್ದಾರೆ. ತಾನು ತಿಂದ ಬೈಗುಳವನ್ನೇ ಹೊಸಬರಿಗೆ ಹಂಚುವ ಹಿರಿಯ ಸಹೋದ್ಯೋಗಿ ಇದ್ದಾರೆ. ಅವರೂ ನೊಂದವರೇ ಅಲ್ವಾ?

ಹಾಗಾಗಿ ನಾನು ಇವತ್ತು ಹೇಳಬೇಕೆಂದುಕೊಂಡಿರುವುದು ಇಷ್ಟೇ. ಕಷ್ಟ ತಾನಾಗೇ ಯಾರಿಗೂ ಸಹಾನುಭೂತಿ ಕಲಿಸುವುದಿಲ್ಲ. ಕಷ್ಟದ ಹೊತ್ತಿನಲ್ಲಿ ನಮ್ಮೊಳಗೆ ಏನಾಯಿತು ಅಂತ ನಾವು ಕಣ್ಣಿಟ್ಟು ನೋಡಿದ್ದರೆ ಮಾತ್ರ ಅದು ಕಲಿಸುತ್ತದೆ. ನೋಡದೆ ಹಲ್ಲು ಕಚ್ಚಿ ದಾಟಿಬಿಟ್ಟರೆ ಅದೇ ಕಷ್ಟ ನಮ್ಮನ್ನು ಗಟ್ಟಿ ಮಾಡುವುದರ ಜೊತೆಗೆ ಕಠಿಣವನ್ನಾಗಿಯೂ ಮಾಡಬಹುದು.

ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. ಕೆಲವು ವರ್ಷ ಡಯಾಲಿಸಿಸ್‌ನಲ್ಲಿದ್ದೆ. ಆಮೇಲೆ ನನ್ನ ತಾಯಿ ತಮ್ಮ ಒಂದು ಕಿಡ್ನಿ ಕೊಟ್ಟರು. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆಯ ಹಾಗೆ ಮೆಷಿನ್ ಪಕ್ಕ ಮಲಗುವುದು. ತೋಳಿನಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಜೋಡಿಸಿರುತ್ತಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅಲ್ಲಿಗೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ಒಳಗೆ ಬರುತ್ತದೆ. ಕಿಡ್ನಿ ಕೆಲಸ ಮಾಡದಿದ್ದಾಗ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ನೀರನ್ನು ಅಳೆದು ಕುಡಿಯಬೇಕು. ಬಾಯಾರಿಕೆ ಮಾತ್ರ ಅಳತೆ ಕೇಳುವುದಿಲ್ಲ. ಮೆಷಿನ್ ಜಾಸ್ತಿ ನೀರು ಎಳೆದ ದಿನ ಬಿ.ಪಿ. ಬೀಳುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಮನೆಗೆ ಬಂದ ಮೇಲೆ ಮಾತಾಡುವುದಕ್ಕೂ ತ್ರಾಣ ಇರುವುದಿಲ್ಲ. ಮಾರನೇ ದಿನ ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಹೋಗುವ ದಿನ ಬಂದಿರುತ್ತದೆ.

ಒಂದೇ ಶಿಫ್ಟಿನಲ್ಲಿ ಬರುವವರು ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡುತ್ತಾರೆ. ಮನೆಯವರಿಗಿಂತ ಜಾಸ್ತಿ ಪರಿಚಯವಾಗುತ್ತಾರೆ. ಅಲ್ಲಿಗೆ ಒಬ್ಬ ಕಾಲೇಜು ಹುಡುಗ ಹೊಸದಾಗಿ ಬಂದ. ಮೊದಮೊದಲು ಸೂಜಿ ಚುಚ್ಚುವಾಗ ಅಳುತ್ತಿದ್ದ. ನಮ್ಮ ಶಿಫ್ಟಿನಲ್ಲಿ ಬಹಳ ಹಳಬರೊಬ್ಬರಿದ್ದರು, ಎಲ್ಲರಿಗೂ ಅವರ ಮೇಲೆ ಗೌರವ. ಅವರು ತಮ್ಮ ಹಾಸಿಗೆಯಿಂದಲೇ, "ಇಷ್ಟಕ್ಕೆಲ್ಲ ಅಳ್ತಾರೇನಯ್ಯಾ? ನಾವೆಲ್ಲ ತಡ್ಕೊಂಡಿಲ್ವಾ? ಗಂಡಸಾಗು" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಧೈರ್ಯ ತುಂಬುತ್ತಿದ್ದೇನೆ ಅಂತಲೇ ಅವರು ಅಂದುಕೊಂಡಿದ್ದರು. ಹುಡುಗ ಅಳು ನಿಲ್ಲಿಸಿದ. ಮುಖವನ್ನೂ ಗೋಡೆ ಕಡೆ ತಿರುಗಿಸಿಕೊಂಡ.

ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಮ್ಮ ಇದ್ದರು. ಅವರೂ ಹಳಬರೇ. ಅವರ ಫಿಸ್ಟುಲಾ ಎರಡು ಸಲ ಮುಚ್ಚಿಹೋಗಿತ್ತು, ಇನ್ನೊಂದು ತೋಳಿಗೆ ಹೊಸದಾಗಿ ಮಾಡಿದ್ದರು. ಸ್ವಲ್ಪ ಹೊತ್ತು ಬಿಟ್ಟು ಅವರು ಆ ಹುಡುಗನನ್ನು ಕೇಳಿದರು, "ಯಾವುದು ಜಾಸ್ತಿ ಕಷ್ಟ ಆಗ್ತಿದೆಯಪ್ಪಾ ನಿಂಗೆ? ಸೂಜಿನಾ, ಇಲ್ಲಿ ಮಲಗಿರೋದಾ?" ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ಅವೆರಡೂ ಅಲ್ಲ. "ತೋಳು ಉಬ್ಬಿದೆ ಅಮ್ಮಾ. ಕಾಲೇಜಲ್ಲಿ ಎಲ್ಲರೂ ನೋಡ್ತಾರೆ."

ನಾವು ಯಾರೂ ಅದನ್ನು ಊಹಿಸಿರಲಿಲ್ಲ. ಅದೇ ಸೂಜಿ ತಿಂದವರು, ಅದೇ ಹಾಸಿಗೆಯಲ್ಲಿ ಮಲಗಿದವರು, ನಮಗೂ ಗೊತ್ತಾಗಲಿಲ್ಲ. ಆ ಅಮ್ಮನಿಗೂ ಮೊದಲೇ ಗೊತ್ತಿರಲಿಲ್ಲ. ಅವರು ಕೇಳಿದರು, ಅಷ್ಟೇ.

ಒಂದೇ ಕಾಯಿಲೆ, ಹೆಚ್ಚುಕಡಿಮೆ ಒಂದೇ ಕಾಲದ ಅನುಭವ. ಒಬ್ಬರು "ನಾವು ತಡ್ಕೊಂಡಿಲ್ವಾ" ಅಂತಾರೆ, ಇನ್ನೊಬ್ಬರು "ಯಾವುದು ಕಷ್ಟ ಆಗ್ತಿದೆ" ಅಂತ ಕೇಳುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ನನ್ನನ್ನು ಬಿಡಲಿಲ್ಲ. ಹಾಸಿಗೆಯಲ್ಲಿ ಮಲಗಿರುವವರಿಗೆ ಯೋಚಿಸಲು ಸಮಯ ಸಿಗುತ್ತದೆ, ಓದಲೂ ಸಿಗುತ್ತದೆ.

ಓದುವಾಗ ಸಿಕ್ಕ ಒಂದು ಅಧ್ಯಯನ ನನಗೆ ತುಂಬಾ ಸಹಾಯ ಮಾಡಿತು. ರೇಚಲ್ ರಟ್ಟನ್, ಮೇರಿ ಹಂಟರ್ ಮೆಕ್‌ಡಾನಲ್, ಲೊರಾನ್ ನಾರ್ಡ್‌ಗ್ರೆನ್ ಅನ್ನುವ ಮೂವರು ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದು. ಅಮೆರಿಕದಲ್ಲಿ ಚಳಿಗಾಲದ ಹೊತ್ತಿಗೆ ಕೊರೆಯುವ ಸರೋವರದ ನೀರಿಗೆ ಹಾರುವ ಒಂದು ಕಾರ್ಯಕ್ರಮ ನಡೆಯುತ್ತದೆ. ಅಲ್ಲಿಗೆ ಬಂದವರಿಗೆ ಇವರು ಒಂದು ಕಥೆ ಓದಲು ಕೊಟ್ಟರು. ಹಾರುತ್ತೇನೆ ಅಂತ ಬಂದವನೊಬ್ಬ ಕೊನೇ ಗಳಿಗೆಯಲ್ಲಿ ಹೆದರಿ ಹಿಂದೆ ಸರಿದ ಕಥೆ. ಕೆಲವರು ನೀರಿಗೆ ಹಾರುವ ಮೊದಲು ಓದಿದರು, ಕೆಲವರು ಹಾರಿ ಒಂದು ವಾರವಾದ ಮೇಲೆ. ಹಾರಿ ಬಂದವರಿಗೆ ಆ ಮನುಷ್ಯನ ಮೇಲೆ ಕನಿಕರ ಕಡಿಮೆ ಇತ್ತು, ತಾತ್ಸಾರ ಜಾಸ್ತಿ ಇತ್ತು. ಅದೇ ಚಳಿಯನ್ನು ವಾರದ ಹಿಂದಷ್ಟೇ ಮೈಮೇಲೆ ತೆಗೆದುಕೊಂಡವರು ಅವರು!

ಇನ್ನೊಂದು ಭಾಗದಲ್ಲಿ, ಎಷ್ಟು ಹುಡುಕಿದರೂ ಕೆಲಸ ಸಿಗದೆ ಕೊನೆಗೆ ಮಾದಕ ವಸ್ತು ಮಾರುವುದಕ್ಕೆ ಇಳಿದವನ ಕಥೆ. ತಾವೂ ಒಂದು ಕಾಲದಲ್ಲಿ ನಿರುದ್ಯೋಗ ಅನುಭವಿಸಿ ಅದರಿಂದ ಹೊರಬಂದವರು ಇವನನ್ನು ಹೆಚ್ಚು ಕಠಿಣವಾಗಿ ನೋಡಿದರು, ಆ ಅನುಭವವೇ ಇಲ್ಲದವರಿಗಿಂತ ಹೆಚ್ಚು ಕಠಿಣವಾಗಿ. ಶಾಲೆಯಲ್ಲಿ ಕಾಟಕ್ಕೆ ಒಳಗಾದ ಹುಡುಗನ ವಿಷಯದಲ್ಲೂ ಹೀಗೇ ಆಯಿತು, ಆದರೆ ಇಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. ಹುಡುಗ ಹೇಗೋ ಸಂಭಾಳಿಸಿಕೊಂಡ ಅನ್ನುವ ಕಥೆ ಓದಿದಾಗ, ತಾವೂ ಕಾಟ ಅನುಭವಿಸಿದ್ದವರಿಗೆ ಅವನ ಮೇಲೆ ಹೆಚ್ಚು ಕನಿಕರ ಬಂತು. ಅವನು ತಾಳ್ಮೆ ಕಳೆದುಕೊಂಡು ಕೈ ಎತ್ತಿದ ಅನ್ನುವ ಕಥೆಯಾದರೆ ಅವರಿಗೇ ಕನಿಕರ ಕಡಿಮೆ. ಅಂದರೆ ನೊಂದವರಿಗೆ ನೊಂದವರ ಮೇಲೆ ಕನಿಕರ ಇದೆ, ಆದರೆ ಗೆದ್ದವರ ಮೇಲೆ. ಸೋಲುತ್ತಿರುವವರ ಮೇಲೆ ಅಲ್ಲ. ಸಹಾಯ ಬೇಕಾಗಿರುವುದು ಸೋಲುತ್ತಿರುವವರಿಗೇ ಅಲ್ವಾ?

ಯಾಕೆ ಹೀಗೆ? ಆ ಸಂಶೋಧಕರು ಕೊಡುವ ಕಾರಣ ನನಗೆ ಸರಿ ಅನ್ನಿಸುತ್ತದೆ. ನೋವು ಕಳೆದ ಮೇಲೆ ಅದು ಎಷ್ಟಿತ್ತು ಅನ್ನುವುದು ನಮಗೆ ಸರಿಯಾಗಿ ನೆನಪಿರುವುದಿಲ್ಲ. ನೋವು ಇತ್ತು ಅನ್ನುವುದು ನೆನಪಿರುತ್ತದೆ, ಅದರ ತೀವ್ರತೆ ಮರೆತುಹೋಗಿರುತ್ತದೆ. ಆದರೆ ದಾಟಿದೆ ಅನ್ನುವುದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಇವೆರಡೂ ಸೇರಿದರೆ ಏನಾಗುತ್ತದೆ? ಅದೇನು ಅಷ್ಟೊಂದು ಕಷ್ಟ ಇರಲಿಲ್ಲ, ನಾನು ಮಾಡಿದೆ, ಇವನಿಗೆ ಯಾಕಾಗಲ್ಲ? ಆ ಹಳಬರು ಹುಡುಗನಿಗೆ ಹೇಳಿದ್ದು ಇದನ್ನೇ. ಅವರ ಮೊದಲ ದಿನದ ಭಯ ಅವರಿಗೇ ನೆನಪಿಲ್ಲ. ಆ ದಿನ ಅವರಿಗೆ ಹೇಗಾಯಿತು ಅಂತ ಯಾರೂ ಕೇಳಿರಲಿಕ್ಕಿಲ್ಲ, ಅವರೂ ಕೇಳಿಕೊಂಡಿರಲಿಕ್ಕಿಲ್ಲ.

ಈ ಒಂದು ಅಧ್ಯಯನದಿಂದ ಕಷ್ಟ ಎಲ್ಲರನ್ನೂ ಕಲ್ಲು ಮಾಡುತ್ತದೆ ಅಂತ ಹೇಳಲಾಗದು. 2016ರಲ್ಲಿ ಡೇನಿಯಲ್ ಲಿಮ್ ಮತ್ತು ಡೇವಿಡ್ ಡಿಸ್ಟೆನೊ ಪ್ರಕಟಿಸಿದ ಅಧ್ಯಯನದಲ್ಲಿ ಜೀವನದಲ್ಲಿ ತೀವ್ರ ಕಷ್ಟ ಕಂಡವರಲ್ಲಿ ಸಹಾನುಭೂತಿ ಹೆಚ್ಚಿತ್ತು. ಎರಡೂ ನಿಜ. ನಮ್ಮ ಶಿಫ್ಟಿನಲ್ಲೇ ಎರಡೂ ಇದ್ದವಲ್ಲ. ಪ್ರಶ್ನೆ ಇರುವುದು, ಯಾವ ದಾರಿಯಲ್ಲಿ ಹೋದರೆ ಯಾವುದು ಆಗುತ್ತದೆ ಅನ್ನುವುದು.

ನನ್ನ ವಿಷಯಕ್ಕೆ ಬರುತ್ತೇನೆ. ಡಯಾಲಿಸಿಸ್ ಶುರುವಾದ ಹೊಸತರಲ್ಲಿ ನನಗೆ ವಿಪರೀತ ಸಿಟ್ಟು. ನೋಡಲು ಬಂದವರ ಮೇಲೆ ಸಿಟ್ಟು, ಬರದವರ ಮೇಲೆ ಸಿಟ್ಟು. ನನ್ನ ಎದುರಿಗೆ ಯಾರಾದರೂ ಲೋಟ ತುಂಬಾ ನೀರು ಕುಡಿದರೆ ಸಿಟ್ಟು. ಅದು ಸಿಟ್ಟೇ ಅಂತ ನಾನು ನಂಬಿದ್ದೆ. ಒಂದು ದಿನ ಸೂಜಿ ಹಾಕುವ ಮೊದಲು ಸಿಸ್ಟರ್ ನನ್ನ ಕೈ ಮುಟ್ಟಿ, "ಕೈ ಇಷ್ಟು ತಣ್ಣಗಿದೆಯಲ್ಲ ಅಕ್ಕಾ, ಹೆದರಿಕೆ ಆಗ್ತಿದೆಯಾ?" ಅಂದರು. ಇಲ್ಲ ಅನ್ನಲು ಬಾಯಿ ತೆರೆದೆ. ಮಾತು ಬರಲಿಲ್ಲ. ಕೈ ತಣ್ಣಗಿತ್ತು, ಹೊಟ್ಟೆ ಹಿಂಡುತ್ತಿತ್ತು, ಉಸಿರು ಗಂಟಲಿನ ಹತ್ತಿರವೇ ನಿಂತಿತ್ತು. ಸಿಟ್ಟು ಬಂದರೆ ಮೈ ಬಿಸಿಯಾಗುತ್ತದೆ, ಕೈಗೆ ಬಲ ಬರುತ್ತದೆ. ಇದು ಸಿಟ್ಟಲ್ಲ. ನನ್ನ ಮನಸ್ಸು ಒಪ್ಪಿಕೊಳ್ಳುವ ಮೊದಲೇ ನನ್ನ ಮೈಗೆ ಗೊತ್ತಿತ್ತು.

ಫಿನ್‌ಲೆಂಡಿನ ಲೌರಿ ನುಮೆನ್ಮಾ ಮತ್ತು ಅವರ ತಂಡ ಸುಮಾರು 700 ಜನರಿಗೆ ಮನುಷ್ಯಾಕೃತಿಯ ಚಿತ್ರ ಕೊಟ್ಟು, ಪ್ರತಿಯೊಂದು ಭಾವನೆ ಬಂದಾಗ ಮೈಯ ಯಾವ ಭಾಗ ಚುರುಕಾಗುತ್ತದೆ, ಯಾವುದು ಮಂಕಾಗುತ್ತದೆ ಅಂತ ಬಣ್ಣ ಹಚ್ಚಲು ಹೇಳಿದ್ದರು. 2014ರಲ್ಲಿ ಬಂದ ಆ ಅಧ್ಯಯನದಲ್ಲಿ ಯುರೋಪಿನವರೂ ಇದ್ದರು, ತೈವಾನಿನವರೂ ಇದ್ದರು. ಚಿತ್ರಗಳು ಬಹುಮಟ್ಟಿಗೆ ಒಂದೇ ಥರ ಬಂದವು. ಸಿಟ್ಟಿನಲ್ಲಿ ಎದೆಯ ಜೊತೆ ತೋಳುಗಳೂ ಕಾವೇರುತ್ತವೆ, ದುಃಖದಲ್ಲಿ ಕೈಕಾಲು ಸೋಲುತ್ತವೆ. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ಸಮಾಧಾನ ಆಯಿತು. ಮೈ ಹೇಳುವುದನ್ನು ಕೇಳುವುದು ಎಲ್ಲರಿಗೂ ಸಾಧ್ಯ ಅಂತ.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಸಿಟ್ಟು ಬಂತು ಅನ್ನಿಸಿದಾಗ ಮೊದಲು ಮೈ ನೋಡಿಕೊಳ್ಳುವುದು. ದವಡೆ ಬಿಗಿದಿದೆಯಾ? ಹೊಟ್ಟೆ ಹೇಗಿದೆ? ಕೈ ಬಿಸಿಯಾ, ತಣ್ಣಗಾ? ಆಮೇಲೆ ಅದಕ್ಕೆ ಹೊಂದುವ ಒಂದು ಹೆಸರು ಹುಡುಕುವುದು. ನಮ್ಮಲ್ಲಿ ಬಹಳ ಜನ ಎಲ್ಲದಕ್ಕೂ "ಬೇಜಾರು" ಅಂತಾರೆ. ಅಮ್ಮ ತೀರಿಕೊಂಡರೂ ಬೇಜಾರು, ಬಸ್ ತಪ್ಪಿದರೂ ಬೇಜಾರು. ಆ ಬೇಜಾರನ್ನು ಬಿಡಿಸಿ ನೋಡಿದರೆ ಒಳಗೆ ಹೊಟ್ಟೆಕಿಚ್ಚು ಇರಬಹುದು, ಅವಮಾನ ಇರಬಹುದು, ಒಂಟಿತನ ಇರಬಹುದು, ಸುಸ್ತು ಕೂಡ ಇರಬಹುದು. ಒಂದೊಂದಕ್ಕೂ ಬೇಕಾದ ಉಪಚಾರ ಬೇರೆ. ಸುಸ್ತಾದವರಿಗೆ ನಿದ್ದೆ ಬೇಕು, ಅವಮಾನ ಆದವರಿಗೆ ನಿದ್ದೆಯಿಂದ ಏನೂ ಆಗುವುದಿಲ್ಲ. ನೀರು ಕುಡಿಯುವವರನ್ನು ನೋಡಿ ನನಗೆ ಬರುತ್ತಿದ್ದದ್ದು ಅಸೂಯೆ. ಹಾಗಂತ ಹೇಳಿಕೊಂಡ ದಿನ ಅದರ ಕಾವು ಇಳಿಯಿತು. ಹೋಗಲಿಲ್ಲ, ಇಳಿಯಿತು.

ಹೆಸರಿಟ್ಟರೆ ಯಾಕೆ ಇಳಿಯಬೇಕು? ಮ್ಯಾಥ್ಯೂ ಲೀಬರ್‌ಮನ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಮೆದುಳಿನ ಸ್ಕ್ಯಾನಿಂಗ್‌ನಲ್ಲಿ ನೋಡಿದರು. ಸಿಟ್ಟಿನ, ಭಯದ ಮುಖಗಳ ಫೋಟೋ ತೋರಿಸಿದಾಗ ಮೆದುಳಿನ ಅಮಿಗ್ಡಾಲ ಅನ್ನುವ ಭಾಗ ಚುರುಕಾಗುತ್ತದೆ, ಅಪಾಯದ ಸೂಚನೆಗೆ ಬೇಗ ಎಚ್ಚರಗೊಳ್ಳುವ ಭಾಗ ಅದು. ಆ ಮುಖದಲ್ಲಿರುವ ಭಾವನೆಗೆ ಹೆಸರು ಆರಿಸಿ ಅಂದಾಗ ಅಮಿಗ್ಡಾಲದ ಚಟುವಟಿಕೆ ಕಡಿಮೆಯಾಯಿತು, ಹಣೆಯ ಹಿಂದಿರುವ ಮೆದುಳಿನ ಒಂದು ಭಾಗ ಹೆಚ್ಚು ಕೆಲಸ ಮಾಡಿತು. ಅದೇ ಮುಖಕ್ಕೆ ಸುಮ್ನೆ ವ್ಯಕ್ತಿಯ ಹೆಸರು ಆರಿಸಿ ಅಂದಾಗ ಅಷ್ಟು ಕಡಿಮೆಯಾಗಲಿಲ್ಲ. ಭಾವನೆಯ ಹೆಸರೇ ಬೇಕಾಯಿತು.

ಬರೆಯುವುದು ಕೂಡ ಇದೇ ಕೆಲಸ ಮಾಡುತ್ತದೆ. ಜೇಮ್ಸ್ ಪೆನ್ನಿಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಜೀವನದ ಅತಿ ಕಷ್ಟದ ಘಟನೆಯ ಬಗ್ಗೆ. ನಡೆದದ್ದನ್ನೂ, ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೀ ಘಟನೆ ಬರೆದವರಿಗೆ ಆ ಪ್ರಯೋಜನ ಆಗಲಿಲ್ಲ. ಇನ್ನೊಂದನ್ನು ಜನ ಹೇಳುವುದೇ ಇಲ್ಲ, ಬರೆದ ತಕ್ಷಣ ಆ ವಿದ್ಯಾರ್ಥಿಗಳಿಗೆ ಮನಸ್ಸು ಇನ್ನಷ್ಟು ಭಾರವಾಗಿತ್ತು. ಬರೆದೆ, ಹಗುರವಾಯಿತು ಅಂತ ಆಗುವುದಿಲ್ಲ. ಮೊದಲು ಕಷ್ಟವೇ ಆಗುತ್ತದೆ. ಅದಕ್ಕೇ ಎಷ್ಟೋ ಜನ ಎರಡನೇ ದಿನವೇ ಪುಸ್ತಕ ಮುಚ್ಚಿಡುತ್ತಾರೆ. ಬರೆಯುವುದರಿಂದ ರಾತ್ರಿ ನಿದ್ದೆ ಹೋಗುವಷ್ಟು ಆಗುತ್ತಿದ್ದರೆ ಒಬ್ಬರೇ ಮಾಡಬೇಡಿ, ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಹತ್ತಿರ ಕೂತು ಮಾಡಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ನಿಮ್ಮೊಳಗಿನ ಭಯವನ್ನು ನೀವು ಗುರುತಿಸಿಲ್ಲ ಅಂದರೆ ಇನ್ನೊಬ್ಬರ ಭಯವನ್ನೂ ಗುರುತಿಸಲಾರಿರಿ. ಅವರು ಸಿಡುಕಿದರೆ ನಿಮಗೆ ಸಿಡುಕು ಮಾತ್ರ ಕಾಣುತ್ತದೆ. ನನ್ನ ಸಿಟ್ಟಿನ ಕೆಳಗೆ ಭಯ ಇತ್ತು ಅಂತ ನಾನು ನೋಡಿದ ಮೇಲೆ ವಾರ್ಡಿನಲ್ಲಿ ಟೆಕ್ನಿಷಿಯನ್ ಮೇಲೆ ರೇಗುವವರನ್ನು ನೋಡುವ ನನ್ನ ರೀತಿ ಬದಲಾಯಿತು. ರೇಗುವುದು ಸರಿ ಅಂತಲ್ಲ. ಬೈಸಿಕೊಂಡ ಆ ಟೆಕ್ನಿಷಿಯನ್‌ಗೂ ಮನಸ್ಸಿದೆ. ಆದರೆ ಈ ಮನುಷ್ಯನಿಗೆ ಇವತ್ತು ಏನೋ ಭಯ ಆಗಿದೆ, ರಿಪೋರ್ಟ್ ಬಂದಿರಬಹುದು, ಅಂತ ಒಂದು ಯೋಚನೆ ಬರುತ್ತಿತ್ತು. ಆ ಒಂದು ಯೋಚನೆಯ ಅಂತರದಲ್ಲಿ ಬೇರೆ ರೀತಿ ಮಾತಾಡಲು ಸಾಧ್ಯವಾಗುತ್ತಿತ್ತು.

ಕಸಿ ಆದಾಗಿನ ಒಂದು ವಿಷಯ ಹೇಳಲೇಬೇಕು. ಹೊಸ ಕಿಡ್ನಿ ಕೆಲಸ ಶುರು ಮಾಡಿತು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಬಾಟಲಿಗಟ್ಟಲೆ ನೀರು ಕುಡಿಯಿರಿ ಅಂತ ಡಾಕ್ಟರೇ ಹೇಳುತ್ತಿದ್ದರು, ಅದಕ್ಕಿಂತ ಸಂತೋಷ ಏನಿದೆ. ಆದರೆ ಅದೇ ಹೊತ್ತಿಗೆ ಎದೆಯ ಮೇಲೆ ಒಂದು ಭಾರ. ಅಮ್ಮನ ಮೈಯಿಂದ ತೆಗೆದದ್ದು ನನ್ನೊಳಗಿದೆ. ಅವರಿಗೆ ಏನಾದರೂ ಆದರೆ? ನನ್ನ ದೇಹ ಇದನ್ನು ತಿರಸ್ಕರಿಸಿಬಿಟ್ಟರೆ ಅವರು ಕೊಟ್ಟದ್ದೆಲ್ಲ ಹೋಯಿತಲ್ಲ? ಕೃತಜ್ಞತೆ, ತಪ್ಪಿತಸ್ಥ ಭಾವನೆ, ಭಯ, ಸಂತೋಷ, ಎಲ್ಲ ಒಟ್ಟಿಗೆ. ಸುತ್ತ ಇದ್ದವರು "ಈಗ ಖುಷಿಯಾಗಿರಬೇಕು ಕಣೇ" ಅನ್ನುತ್ತಿದ್ದರು. ಖುಷಿ ಇತ್ತು, ಖುಷಿಯೊಂದೇ ಇರಲಿಲ್ಲ. ಮನಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಭಾವನೆ ಇರಬೇಕು ಅಂತ ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಹಾಗೆ ಇರುವುದೇ ಇಲ್ಲ. ಒಳ್ಳೆಯ ಸುದ್ದಿ ಬಂದ ಮನೆಯಲ್ಲೂ ಯಾರೋ ಅಳುತ್ತಿದ್ದರೆ ಅವರನ್ನು ಸುಮ್ಮನಿರಿಸಬೇಡಿ.

ಅಮ್ಮನ ಕಥೆ ಇನ್ನೂ ಬೇರೆ. ಬಂದವರೆಲ್ಲ ಅಮ್ಮನ ಮಂಚದ ಹತ್ತಿರ ನಿಂತು, "ಮಗಳು ಹೇಗಿದ್ದಾಳೆ? ನೀವು ಮಹಾತಾಯಿ" ಅನ್ನುತ್ತಿದ್ದರು. ಅಮ್ಮನ ಹೊಟ್ಟೆಯಲ್ಲೂ ಹೊಲಿಗೆ ಇತ್ತು, ಕೆಮ್ಮಿದರೆ ಜೀವ ಹೋಗುವಷ್ಟು ನೋವು. ಮಹಾತಾಯಿ ಅಂತ ಕರೆಸಿಕೊಂಡವರು ನನಗೆ ನೋಯುತ್ತಿದೆ ಅಂತ ಹೇಗೆ ಹೇಳುತ್ತಾರೆ? ನನ್ನ ಚಿಕ್ಕಮ್ಮ ಒಬ್ಬರೇ ಮಂಚದ ಮೇಲೆ ಕೂತು, "ಅವಳದು ಆಮೇಲೆ. ನಿಂಗೆ ಹೇಗಾಗ್ತಿದೆ ಅಕ್ಕಾ?" ಅಂತ ಕೇಳಿದರು. ಅಮ್ಮ ಅತ್ತರು. ನನ್ನ ಕಾಯಿಲೆ ಶುರುವಾದಾಗಿನಿಂದ ನಾನು ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಒಂದು ಕಾಯಿಲೆ ಬಂದರೆ ನೋಯುವವರು ಹಾಸಿಗೆಯಲ್ಲಿರುವವರು ಮಾತ್ರ ಅಲ್ಲ. ನೋಡಿಕೊಳ್ಳುವ ಗಂಡ, ಹೆಂಡತಿ, ಸಣ್ಣ ಮಕ್ಕಳು, ಇವರನ್ನು ಯಾರೂ ಕೇಳುವುದಿಲ್ಲ. ನೀವು ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದರೆ ಹೊರಗೆ ಬೆಂಚಿನ ಮೇಲೆ ಕೂತಿರುವವರನ್ನೂ ಮಾತಾಡಿಸಿ.

ಈಗ ಇನ್ನೊಂದು ತೊಡಕಿನ ವಿಷಯ. ಸಹಾನುಭೂತಿ ಅಂದರೆ "ಅವರ ಜಾಗದಲ್ಲಿ ನಿಂತು ಯೋಚಿಸು" ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಒಳ್ಳೆಯ ಮಾತೇ. ಆದರೆ ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸುವುದು ಒಂದು, ಅಲ್ಲಿ ಅವರನ್ನೇ ನೋಡುವುದು ಇನ್ನೊಂದು. ಡೇನಿಯಲ್ ಬ್ಯಾಟ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1997ರಲ್ಲಿ ಇದನ್ನೇ ಪರೀಕ್ಷಿಸಿದರು. ತಂದೆತಾಯಿಯನ್ನು ಕಳೆದುಕೊಂಡ ಒಬ್ಬ ಹುಡುಗಿಯ ಧ್ವನಿಮುದ್ರಣ ಕೇಳಿಸಿ, ಕೆಲವರಿಗೆ "ಆಕೆಗೆ ಹೇಗನ್ನಿಸುತ್ತಿದೆ ಅಂತ ಊಹಿಸಿ" ಅಂದರು, ಕೆಲವರಿಗೆ "ನೀವೇ ಆಕೆಯ ಸ್ಥಿತಿಯಲ್ಲಿದ್ದರೆ ಹೇಗನ್ನಿಸುತ್ತಿತ್ತು ಅಂತ ಊಹಿಸಿ" ಅಂದರು. ಎರಡೂ ಗುಂಪಿಗೆ ಕನಿಕರ ಬಂತು. ಎರಡನೇ ಗುಂಪಿಗೆ ಅದರ ಜೊತೆ ಸ್ವಂತ ಸಂಕಟವೂ ಜೋರಾಗಿ ಬಂತು. ಸ್ವಂತ ಸಂಕಟ ಜಾಸ್ತಿಯಾದಾಗ ನಮ್ಮ ಗಮನ ಎದುರಿಗಿರುವವರಿಂದ ನಮ್ಮ ಕಡೆಗೇ ತಿರುಗುತ್ತದೆ. ನನ್ನನ್ನು ನೋಡಲು ಬಂದು ನನಗಿಂತ ಜಾಸ್ತಿ ಅತ್ತವರನ್ನು ನಾನೇ ಸಮಾಧಾನ ಮಾಡಿ ಕಳಿಸಿದ್ದಿದೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಆ ಹೊತ್ತು ಅವರು ನನ್ನನ್ನು ನೋಡುತ್ತಿರಲಿಲ್ಲ.

ಅದೇ ಕಷ್ಟ ಪಟ್ಟವರಿಗೆ ಈ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಅವರ ಹತ್ತಿರ ತಮ್ಮದೇ ಕಥೆ ಸಿದ್ಧವಾಗಿರುತ್ತದೆ. "ನಂಗೂ ಹೀಗೇ ಆಗಿತ್ತು" ಅಂತ ಶುರು ಮಾಡಿದರೆ ಮುಂದಿನ ಅರ್ಧ ಗಂಟೆ ಅವರದೇ. ಎದುರಿಗಿರುವವರ ನೋವು ಅವರ ನೋವಿನ ಥರವೇ ಇರಬೇಕು ಅಂತ ಅಂದುಕೊಂಡುಬಿಡುತ್ತಾರೆ. ಇಬ್ಬರು ಹೆಂಗಸರು ಒಂದೇ ವರ್ಷ ಗಂಡಂದಿರನ್ನು ಕಳೆದುಕೊಂಡರು ಅಂತಿಟ್ಟುಕೊಳ್ಳಿ. ಒಬ್ಬಳಿಗೆ ಮನೆ ಬಿಕೋ ಅನ್ನುತ್ತದೆ. ಇನ್ನೊಬ್ಬಳು ವರ್ಷಗಟ್ಟಲೆ ಹೊಡೆತ ತಿಂದವಳು, ಅವಳಿಗೆ ನೆಮ್ಮದಿ ಅನ್ನಿಸುತ್ತಿರಬಹುದು, ಹಾಗೆ ಅನ್ನಿಸುತ್ತಿದೆಯಲ್ಲ ಅಂತ ನಾಚಿಕೆಯೂ ಆಗುತ್ತಿರಬಹುದು. ಮೊದಲನೆಯವಳು ಬಂದು "ನಂಗೊತ್ತು ಕಣೇ ನಿನ್ನ ಸಂಕಟ" ಅಂದರೆ ಎರಡನೆಯವಳು ಇನ್ನಷ್ಟು ಒಂಟಿಯಾಗುತ್ತಾಳೆ.

ಹಾಗಾದರೆ ಏನು ಮಾಡುವುದು? ಕೇಳಬೇಕು. ಟಾಲ್ ಇಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ ಅನ್ನುವವರು 2018ರಲ್ಲಿ 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತು ಊಹಿಸಿ ಅಂತ ಹೇಳಿದ್ದರಿಂದ ಜನರ ಊಹೆ ಹೆಚ್ಚು ಸರಿಯಾಗಲಿಲ್ಲ. ಹೆಚ್ಚು ಸರಿಯಾದದ್ದು ನೇರವಾಗಿ ಮಾತಾಡಿ ಕೇಳಿ ತಿಳಿದುಕೊಂಡಾಗ. ಆ ಪಕ್ಕದ ಹಾಸಿಗೆಯ ಅಮ್ಮ ಮಾಡಿದ್ದು ಇಷ್ಟೇ ಅಲ್ವಾ? ಅವರ ಕಷ್ಟ ಅವರಿಗೆ ಕೊಟ್ಟದ್ದು ಉತ್ತರವನ್ನಲ್ಲ. ಇಲ್ಲೊಂದು ಪ್ರಶ್ನೆ ಕೇಳಬೇಕು ಅನ್ನುವ ಅರಿವನ್ನು ಕೊಟ್ಟಿತ್ತು.

ಕೇಳುವುದಕ್ಕೂ ರೀತಿ ಇದೆ. "ಹೇಗಿದ್ದೀರಾ" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಬರುತ್ತದೆ. "ಇವತ್ತು ಹೇಗಿದೆ" ಅಂದರೆ ಸ್ವಲ್ಪ ನಿಜ ಬರುತ್ತದೆ. "ಯಾವ ಹೊತ್ತು ಜಾಸ್ತಿ ಕಷ್ಟ ಆಗುತ್ತೆ" ಅಂದರೆ ಇನ್ನೂ ಸ್ವಲ್ಪ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು, ಇದೇ ಎಲ್ಲಕ್ಕಿಂತ ಕಷ್ಟ. ನಮಗೆ ಮೌನ ತಡೆಯಲು ಆಗುವುದಿಲ್ಲ. ತಕ್ಷಣ "ಎಲ್ಲ ಒಳ್ಳೇದಕ್ಕೇ", "ಧೈರ್ಯ ತಗೋ", "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದಾರೆ" ಅಂತ ಏನಾದರೊಂದು ಹಾಕಿ ತುಂಬಿಸುತ್ತೇವೆ. ಈ ಕೊನೆಯ ಮಾತನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಬೇರೆಯವರ ಕಷ್ಟ ದೊಡ್ಡದು ಅಂತ ಗೊತ್ತಾದ ತಕ್ಷಣ ಯಾರ ಕಾಲಿನ ನೋವೂ ಕಡಿಮೆಯಾದದ್ದನ್ನು ನಾನು ನೋಡಿಲ್ಲ. ನೋವು ಹಾಗೇ ಇರುತ್ತದೆ, ಹೇಳಿಕೊಳ್ಳುವ ಬಾಯಿ ಮುಚ್ಚುತ್ತದೆ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಸ್ಪಷ್ಟ ಮಾಡಬೇಕು. ನಾನು ಕಷ್ಟವನ್ನು ಹೊಗಳುತ್ತಿಲ್ಲ. ನನ್ನ ಕಾಯಿಲೆ ಬರಬೇಕಾಗಿರಲಿಲ್ಲ. ಅದು ಬರದಿದ್ದರೆ ನಾನು ಇದನ್ನೆಲ್ಲ ಬೇರೆ ರೀತಿ ಕಲಿಯುತ್ತಿದ್ದೆ, ನಿಧಾನವಾಗಿ ಕಲಿಯುತ್ತಿದ್ದೆನೇನೋ, ಅಷ್ಟೇ. ಮಕ್ಕಳಿಗೆ ಕಷ್ಟ ಗೊತ್ತಾಗಲಿ ಅಂತ ಬೇಕೆಂದೇ ನೋಯಿಸುವ ಹಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜೀವನ ಆ ಕೆಲಸವನ್ನು ಹೇಗೂ ಮಾಡುತ್ತದೆ, ನೀವು ಕೈಜೋಡಿಸಬೇಕಾಗಿಲ್ಲ. ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೌನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಆಘಾತದ ನಂತರ ಕೆಲವರಲ್ಲಿ ಕಾಣುವ ಬೆಳವಣಿಗೆಯನ್ನು ಬಹಳ ವರ್ಷ ಅಧ್ಯಯನ ಮಾಡಿದವರು. ಅವರು ಹೇಳುವುದೂ ಅದನ್ನೇ: ಬೆಳವಣಿಗೆ ಬರುವುದು ಆಘಾತದಿಂದ ಅಲ್ಲ, ಅದರ ಜೊತೆ ಮನುಷ್ಯ ನಡೆಸುವ ಗುದ್ದಾಟದಿಂದ. ಬೆಳವಣಿಗೆ ಆದವರಿಗೂ ನೋವು ಹೋಗಿರುವುದಿಲ್ಲ. ಎರಡೂ ಒಟ್ಟಿಗೇ ಇರುತ್ತವೆ. ಹಾಗೆ ಬೆಳೆಯದಿದ್ದವರು ಸೋತವರೂ ಅಲ್ಲ. ಕೆಲವು ಕಷ್ಟಗಳು ಎಷ್ಟು ದೊಡ್ಡವು ಅಂದರೆ ಬದುಕಿ ಉಳಿದದ್ದೇ ಸಾಕು.

ಕೊನೆಗೆ ಬಂದ ಎರಡು ಪ್ರಶ್ನೆಗಳು.

ಒಬ್ಬ ಯುವಕ ಕೇಳಿದರು: "ನಂಗೆ ಅಂಥ ಕಷ್ಟ ಏನೂ ಬಂದಿಲ್ಲ. ನಾನು ಇದನ್ನು ಹೇಗೆ ಕಲಿಯೋದು?"

ಬಂದಿಲ್ಲ ಅಂದರೆ ನನಗೆ ತುಂಬಾ ಸಂತೋಷ, ಬರುವುದೂ ಬೇಡ. ಕಲಿಯಲು ಕಷ್ಟ ಬೇಕೇಬೇಕು ಅಂತಿಲ್ಲ. ಸಣ್ಣಪುಟ್ಟದರಲ್ಲೇ ಶುರು ಮಾಡಿ. ಗೆಳೆಯರ ಗುಂಪಿನಲ್ಲಿ ನಿಮ್ಮನ್ನು ಬಿಟ್ಟು ಎಲ್ಲೋ ಹೋದರು ಅಂತ ಗೊತ್ತಾದಾಗ ಏನನ್ನಿಸಿತು, ಮೈಯಲ್ಲಿ ಎಲ್ಲಿ ಅನ್ನಿಸಿತು, ಅದನ್ನು ಬಿಡದೆ ನೋಡಿ. ಇನ್ನೊಂದು ವಿಷಯ, ಅವಸರ ಕಡಿಮೆ ಮಾಡಿಕೊಳ್ಳಿ. 1973ರಲ್ಲಿ ಜಾನ್ ಡಾರ್ಲಿ ಮತ್ತು ಬ್ಯಾಟ್ಸನ್ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಉಪನ್ಯಾಸ ಕೊಡಬೇಕು, ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುತ್ತಿರುತ್ತಾನೆ. ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ 63% ಜನ ನಿಂತು ಸಹಾಯ ಮಾಡಿದರು. ತಡವಾಯಿತು, ಓಡಿ ಅಂತ ಹೇಳಿಸಿಕೊಂಡವರಲ್ಲಿ 10% ಮಾತ್ರ. ಅವರಲ್ಲಿ ಕೆಲವರು ಕೊಡಲು ಹೊರಟಿದ್ದ ಉಪನ್ಯಾಸ ದಾರಿಯಲ್ಲಿ ಬಿದ್ದವನಿಗೆ ಸಹಾಯ ಮಾಡಿದ ಪರೋಪಕಾರಿಯ ಕಥೆಯ ಬಗ್ಗೆಯೇ ಆಗಿತ್ತು. ಅವರ ಮನಸ್ಸು ಕೆಟ್ಟದಾಗಿರಲಿಲ್ಲ, ಕಾಲು ಓಡುತ್ತಿತ್ತು. ಹಾಗಾಗಿ ದಿನದಲ್ಲಿ ಸ್ವಲ್ಪ ಹೊತ್ತು ಖಾಲಿ ಇಟ್ಟುಕೊಳ್ಳಿ. ಯಾರಾದರೂ ಮಾತಾಡಬೇಕು ಅಂದಾಗ ಗಡಿಯಾರ ನೋಡದೆ ಕೂರುವುದು ಸಾಧ್ಯವಾಗಬೇಕು.

ಎರಡನೆಯದನ್ನು ಒಬ್ಬ ಹೆಂಗಸು ಕೇಳಿದರು. ಅವರ ಗೆಳತಿಯ ಮಗ ತೀರಿಕೊಂಡು ಕೆಲವು ತಿಂಗಳಾಗಿದೆ. ಏನು ಹೇಳಬೇಕು ಅಂತ ಗೊತ್ತಾಗದೆ ಫೋನೇ ಮಾಡಿಲ್ಲ. "ಈಗ ಮಾಡಿದರೆ ಇಷ್ಟು ದಿನ ಎಲ್ಲಿದ್ದೆ ಅಂತ ಬೇಜಾರು ಮಾಡ್ಕೊಳ್ಳಲ್ವಾ?"

ಮಾಡಿಕೊಳ್ಳಬಹುದು. ಆದರೂ ಮಾಡಿ, ಇವತ್ತೇ ಮಾಡಿ. ಮೊದಲ ಹದಿನೈದು ದಿನ ಮನೆ ತುಂಬಾ ಜನ ಇರುತ್ತಾರೆ. ಕೆಲವು ತಿಂಗಳಾದ ಮೇಲೆ ಯಾರೂ ಇರುವುದಿಲ್ಲ, ಆ ಮಗುವಿನ ಹೆಸರು ಎತ್ತುವುದಕ್ಕೂ ಹೆದರುತ್ತಾರೆ, ಎಲ್ಲಿ ನೆನಪಾಗಿ ಅಳುತ್ತಾರೋ ಅಂತ. ಆಕೆ ಮರೆತಿದ್ದರೆ ತಾನೇ ನೀವು ನೆನಪಿಸುವುದು? ಹೆಸರು ಹಿಡಿದೇ ಮಾತಾಡಿ. "ಏನು ಹೇಳಬೇಕು ಅಂತ ಗೊತ್ತಾಗದೆ ಇಷ್ಟು ದಿನ ಫೋನ್ ಮಾಡಲಿಲ್ಲ, ಅವನು ನಂಗೆ ದಿನಾ ನೆನಪಾಗ್ತಾನೆ, ನೀನು ಹೇಗಿದ್ದೀಯಾ ಈಗ" ಅಂತ, ಇದ್ದದ್ದು ಇದ್ದ ಹಾಗೆ ಹೇಳಿ. ಬೈದರೆ ಬೈಸಿಕೊಳ್ಳಿ. ಅತ್ತರೆ ಫೋನ್ ಇಡಬೇಡಿ, ಸುಮ್ಮನೆ ಆ ಕಡೆ ಇರಿ. ಫೋನ್ ಎತ್ತದಿದ್ದರೆ ಇದನ್ನೇ ಮೆಸೇಜ್ ಮಾಡಿ, ಉತ್ತರ ಬರೆಯಬೇಕಾಗಿಲ್ಲ ಅಂತಲೂ ಸೇರಿಸಿ. ಒಂದು ವಾರ ಬಿಟ್ಟು ಮತ್ತೆ ಫೋನ್ ಮಾಡಿ. ಆ ಹುಡುಗನ ಹುಟ್ಟುಹಬ್ಬ ಯಾವತ್ತು ಅಂತ ನಿಮಗೆ ಗೊತ್ತಿದ್ದರೆ ಆ ದಿನವೂ ಮಾಡಿ.